ತೋಟಗಾರನಿಗೆ ತಕ್ಕ ಸಣ್ಣ ಕ್ಯಾಮರಾ : ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರವಾಸದಿಂದ ಒಂದು ಪಾಠ

ಕಳೆದ ಫೆಬ್ರವರಿಯಲ್ಲಿ ನಮ್ಮ ಸಂಘದ ಸದಸ್ಯರ ತಂಡವೊಂದು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಿಗೆ ಅಧ್ಯಯನ ಪ್ರವಾಸ ಹೋಗಿಬಂದ ವಿಷಯ ಬೆಳೆಗಾರ ಬಾಂಧವರಿಗೆ ತಿಳಿದೇ ಇದೆ. ಕಾಫಿ, ಅಡಿಕೆ ಬೆಳೆಯುವ ನಾವು ಕಬ್ಬು, ಗೋವಿನಜೋಳಗಳ ಆ ಸೀಮೆಗೆ ಹೋದದ್ದೇಕೆಂದು ಕೆಲವರು ಕೇಳಿದ್ದುಂಟು. ಕಾರಣ ಎರಡು. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಸಹಕಾರ ತತ್ವದ ಮೇಲೆ ಹಳ್ಳಿಗಳಿಗೆ ವಿದ್ಯುತ್ ಹಂಚುವ ಆ ಸಂಘವನ್ನು ಸಹಕಾರಿಗಳಾದವರು ಒಮ್ಮೆ ನೋಡಬೇಕು. ಎರಡನೆಯದಾಗಿ, ಎಳೆಯ ಅಡಿಕೆ ತೋಟದಲ್ಲಿ ಅಂತರ ಬೆಳೆಯಾಗಿ ಅರಿಸಿನ ಹಾಕಿರುವ ನಮ್ಮ ಸದಸ್ಯರಿಗೆ ಅದನ್ನು ಬೇಯಿಸಿ ಒಣಗಿಸುವ ಕ್ರಮವನ್ನು ಮೂಡಲಗಿಯ ಕಡೆ ಕಣ್ಣಾರೆ ನೋಡಬೇಕಾಗಿತ್ತು. ಪ್ರವಾಸದ ವರದಿ ಬೇರೆಯಾಗಿ ಪ್ರಕಟವಾಗಲಿದೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಅಲ್ಲಿ ತೆಗೆದ ಫೋಟೋಗಳ ವಿಚಾರ. ಅದಕ್ಕಿಂತ ಹೆಚ್ಚಾಗಿ, ಬಾರದೆ ಹೋದ ಫೋಟೋಗಳ ವಿಚಾರ.

ತಂಡದಲ್ಲಿ ಎರಡು ಸಣ್ಣ ಡಿಜಿಟಲ್ ಕ್ಯಾಮರಾಗಳಿದ್ದವು. ಒಂದು, ಸದಸ್ಯರೊಬ್ಬರು ಪ್ರವಾಸಕ್ಕೆಂದೇ ಹೊಸದಾಗಿ ತರಿಸಿದ್ದು. ಪೆಟ್ಟಿಗೆಯ ಮೇಲೆ ‘48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್’ ಎಂದು ದಪ್ಪಕ್ಷರದಲ್ಲಿ ಇತ್ತು, ಬೆಲೆಯೂ ಅಗ್ಗ. ಇನ್ನೊಂದು, ಮತ್ತೊಬ್ಬರ ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಹೆಸರಾಂತ ಕಂಪನಿಯ ಹಳೆಯ ಕ್ಯಾಮರಾ, 20 ಮೆಗಾಪಿಕ್ಸೆಲ್, 8 ಪಟ್ಟು ಜೂಮ್. ಮೊಬೈಲುಗಳಂತೂ ಎಲ್ಲರ ಜೇಬಿನಲ್ಲೂ ಇದ್ದವು. ಹೊಸ ಕ್ಯಾಮರಾ ಇರುವಾಗ ಬೇರೆಯವರು ತೆಗೆಯುವುದೇಕೆಂದು, ಅರಿಸಿನ ಬೇಯಿಸುವ ಉಗಿ ಬಾಯ್ಲರಿನ ಚಿತ್ರಗಳನ್ನು ಅದರಿಂದಲೇ ತೆಗೆಯಲಾಯಿತು. ಕೊಳವೆಗಳು ಎಲ್ಲಿ ಕೂಡುತ್ತವೆ, ವಾಲ್ವ್ ಎಲ್ಲಿದೆ, ಡ್ರಮ್ಮುಗಳಿಗೆ ಉಗಿ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ನಮ್ಮೂರಿನ ವೆಲ್ಡಿಂಗ್ ಕೆಲಸದವನಿಗೆ ತೋರಿಸಿ ಅಂಥದೇ ಒಂದನ್ನು ಮಾಡಿಸುವುದು ಉದ್ದೇಶವಾಗಿತ್ತು.

ಊರಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಎಲ್ಲವೂ ಎಣ್ಣೆ ಸವರಿದ ಗಾಜಿನ ಹಿಂದೆ ಇದ್ದಂತೆ ಕಂಡಿತು. ಶೆಡ್ಡಿನ ನೆರಳಿನಲ್ಲಿ ಕೊಳವೆಯೂ ಕಪ್ಪು, ಗೋಡೆಯೂ ಕಪ್ಪು. “ಇದರಲ್ಲಿ ವಾಲ್ವ್ ಎಲ್ಲಿ ಉಂಟು ಮಾರಾಯ್ರೇ, ಹೊಗೆ ಮಾತ್ರ ಕಾಣ್ತದೆ” ಎಂದು ವೆಲ್ಡಿಂಗಿನವನು ನಕ್ಕುಬಿಟ್ಟ. ಕೊನೆಗೆ ಮೂಡಲಗಿಯ ಆ ರೈತರಿಗೆ ಫೋನು ಮಾಡಿ ಕೇಳಿದೆವು. ಅವರು ಮರುದಿನ ಬೆಳಿಗ್ಗೆ, ಬಾಯ್ಲರ್ ತಣ್ಣಗಿರುವಾಗ ಹತ್ತಿರಕ್ಕೆ ಹೋಗಿ, ತಮ್ಮ ಸಾಧಾರಣ ಮೊಬೈಲಿನಿಂದ ನಾಲ್ಕು ಫೋಟೋ ತೆಗೆದು ಕಳಿಸಿದರು. ಒಂದೊಂದು ನಟ್ಟು-ಬೋಲ್ಟೂ ಎಣಿಸುವಂತಿತ್ತು! 48 ಮೆಗಾಪಿಕ್ಸೆಲ್ಲಿನ ಯಜಮಾನರು ಅಂದು ಸಂಘದ ಕಚೇರಿಯಲ್ಲಿ ಹೆಚ್ಚು ಮಾತನಾಡಲಿಲ್ಲ. ಅವರನ್ನು ನೋಯಿಸುವುದು ನಮ್ಮ ಉದ್ದೇಶವಲ್ಲ. ಈ ಲೇಖನ ಬರೆಯಿರೆಂದು ಒತ್ತಾಯಿಸಿದವರೂ ಅವರೇ.

ಮೆಗಾಪಿಕ್ಸೆಲ್ ಎಂದರೇನು?

ಡಿಜಿಟಲ್ ಚಿತ್ರವೆಂಬುದು ಸಣ್ಣ ಸಣ್ಣ ಚುಕ್ಕಿಗಳ ರಂಗೋಲಿ. ಅಂಥ ಹತ್ತು ಲಕ್ಷ ಚುಕ್ಕಿಗಳಿಗೆ ಒಂದು ಮೆಗಾಪಿಕ್ಸೆಲ್ ಎನ್ನುತ್ತಾರೆ. ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು 1975ರಲ್ಲಿ ಮಾಡಿದ ಮೊತ್ತಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಇದ್ದದ್ದು ಬರೇ ಹತ್ತು ಸಾವಿರ ಚುಕ್ಕಿಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಅಲ್ಲಿಂದ ಇಂದಿಗೆ ಬಹಳ ದೂರ ಬಂದಿದ್ದೇವೆ. ಆದರೆ ನಮಗೆ ಬೇಕಾದದ್ದು ಎಷ್ಟು? ಸ್ಟುಡಿಯೋದಲ್ಲಿ ಹಾಕಿಸುವ 4×6 ಇಂಚಿನ ಫೋಟೋ ಚೊಕ್ಕವಾಗಿ ಬರಲು ಎರಡು ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಹೆಚ್ಚು ಸಾಕು. ಎ-4 ಕಾಗದದ ತುಂಬ ಅಚ್ಚು ಹಾಕಿಸಿದರೂ ಒಂಬತ್ತು ಮೀರುವುದಿಲ್ಲ. ಗೋಡೆಯಷ್ಟು ದೊಡ್ಡ ಚಿತ್ರ ಮಾಡಿಸುವ ಹಂಬಲವಿಲ್ಲದವರಿಗೆ 12ರಿಂದ 20ರವರೆಗಿನ ಯಾವ ಕ್ಯಾಮರಾ ಆದರೂ ಧಾರಾಳ.

ಹಾಗಾದರೆ ಅಗ್ಗದ ಆ ಕ್ಯಾಮರಾಕ್ಕೆ 48 ಎಲ್ಲಿಂದ ಬಂತು? ಒಳಗಿನ ಬೆಳಕು ಗ್ರಹಿಸುವ ತುಣುಕು, ಅಂದರೆ ಸೆನ್ಸರ್, ನಿಜವಾಗಿ ಹಿಡಿಯುವುದು ಅದರಲ್ಲಿ ಒಂದು ಪಾಲು ಚುಕ್ಕಿಗಳನ್ನು ಮಾತ್ರ. ಉಳಿದದ್ದನ್ನು ಯಂತ್ರ ತಾನೇ ಊಹಿಸಿ ನಡುನಡುವೆ ತುಂಬಿಸುತ್ತದೆ. ಇದಕ್ಕೆ ಇಂಟರ್‌ಪೊಲೇಷನ್ ಎಂದು ಹೆಸರು. ಒಂದು ಸೇರು ಹಾಲಿಗೆ ಮೂರು ಸೇರು ನೀರು ಬೆರೆಸಿದರೆ ನಾಲ್ಕು ಸೇರು ಆಗುವುದು ನಿಜ, ಕೆನೆ ಮಾತ್ರ ಒಂದೇ ಸೇರಿನದು. ಇಂಥ ಕ್ಯಾಮರಾಗಳನ್ನು ಗುರುತಿಸುವುದು ಕಷ್ಟವಿಲ್ಲ. ಗುಂಡಿ ಒತ್ತಿದಾಗ ಮಸೂರ ಹೊರಗೂ ಬಾರದು, ಒಳಗೂ ಸರಿಯದು. ವಿವರ ಪಟ್ಟಿಯಲ್ಲಿ ಸೆನ್ಸರಿನ ಅಳತೆ ಬರೆದಿರುವುದಿಲ್ಲ. ಜೂಮ್ ಎಂಬಲ್ಲಿ ‘ಡಿಜಿಟಲ್’ ಎಂದಷ್ಟೇ ಇರುತ್ತದೆ.

ಸೆನ್ಸರಿನ ಅಳತೆ ಏಕೆ ಮುಖ್ಯವೆಂದರೆ, ಅದು ಮಳೆಯಲ್ಲಿಟ್ಟ ಪಾತ್ರೆಯಂತೆ. ಬಾಯಿ ಅಗಲವಾದಷ್ಟೂ ಹೆಚ್ಚು ನೀರು ಬೀಳುತ್ತದೆ. ಸಾಧಾರಣ ಸಣ್ಣ ಕ್ಯಾಮರಾಗಳ ಸೆನ್ಸರನ್ನು 1/2.3 ಇಂಚು ಎಂದು ಬರೆಯುತ್ತಾರೆ. ವಾಸ್ತವದಲ್ಲಿ ಅದರ ಅಳತೆ 6.2×4.6 ಮಿಲಿಮೀಟರು, ಒಂದು ಕಾಫಿ ಬೀಜಕ್ಕಿಂತಲೂ ಚಿಕ್ಕದು. ‘ಒಂದು ಇಂಚಿನದು’ ಎಂದು ಕರೆಯುವ ಸೆನ್ಸರ್ 13.2×8.8 ಮಿಲಿಮೀಟರು. ಹೆಸರಿನಲ್ಲಿರುವ ಇಂಚು ಅದರಲ್ಲೂ ಇಲ್ಲ, ಆದರೆ ವಿಸ್ತೀರ್ಣ ಮೊದಲನೆಯದರ ನಾಲ್ಕು ಪಟ್ಟು. ತೋಟದ ನೆರಳಿನಲ್ಲಿ, ಸಂಜೆಗತ್ತಲಿನಲ್ಲಿ ಇವೆರಡರ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಹೆಸರಾಂತ ಕಂಪನಿಗಳ ಒಂದು ಇಂಚಿನ ಕ್ಯಾಮರಾಗಳನ್ನು ಹೊಸದಾಗಿ ಕೊಳ್ಳಲು ಹೋದರೆ ಸಣ್ಣ ಹಿಡುವಳಿದಾರನ ಕೈಗೆ ಎಟುಕುವ ಮಾತಲ್ಲ. ಅದನ್ನು ಇಲ್ಲಿಗೇ ಬಿಡೋಣ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈಗಿನ ಮಧ್ಯಮ ಬೆಲೆಯ ಎಷ್ಟೋ ಮೊಬೈಲುಗಳ ಮುಖ್ಯ ಕ್ಯಾಮರಾದ ಸೆನ್ಸರ್ ಈ ಅಗ್ಗದ ಸಣ್ಣ ಕ್ಯಾಮರಾಗಳದ್ದಕ್ಕಿಂತ ದೊಡ್ಡದು. ಹೀಗಾಗಿ ಮನೆಮಂದಿಯ ಫೋಟೋ, ಸಭೆ ಸಮಾರಂಭ, ಕಾಗದಪತ್ರದ ನಕಲು ಇವಿಷ್ಟಕ್ಕೇ ಆದರೆ ಬೇರೆ ಕ್ಯಾಮರಾ ಕೊಳ್ಳುವುದು ದುಡ್ಡು ದಂಡ. ಜಗತ್ತೇ ಹಾಗೆ ಯೋಚಿಸಿದೆ. 2010ರಲ್ಲಿ ಪ್ರಪಂಚದಲ್ಲಿ 12 ಕೋಟಿಗೂ ಮೀರಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದರೆ, 2023ರಲ್ಲಿ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಅತ್ಯಂತ ಹೆಚ್ಚು ಪೆಟ್ಟು ಬಿದ್ದದ್ದು ಜೇಬಿನಲ್ಲಿ ಹಿಡಿಸುವ ಸಣ್ಣ ಕ್ಯಾಮರಾಗಳಿಗೇ.

ಹಾಗಾದರೆ ನಮಗೆ ಕ್ಯಾಮರಾ ಏಕೆ?

ಅಡಿಕೆ ಮರ ಎತ್ತರವಾಗಿರುವುದರಿಂದ. ಇದು ತಮಾಷೆಯ ಮಾತಲ್ಲ. ಮೂಡಲಗಿಯ ಬಾಯ್ಲರಿನ ಹತ್ತಿರಕ್ಕೆ ನಾಲ್ಕು ಹೆಜ್ಜೆ ನಡೆದು ಹೋಗಬಹುದು, ಅಲ್ಲಿ ಮೊಬೈಲೇ ಗೆದ್ದಿತು. ಹದಿನೈದು ಮೀಟರು ಮೇಲಿರುವ ಕೊನೆಯ ಹತ್ತಿರಕ್ಕೆ ನಡೆದು ಹೋಗುವವರು ಯಾರು? ಕೊನೆಗಾರ ಸಿಗುವುದೇ ದುರ್ಲಭವಾಗಿರುವಾಗ ಒಂದು ಫೋಟೋಕ್ಕಾಗಿ ಅವನನ್ನು ಮರ ಹತ್ತಿಸಲಾಗದು. ಆಗ ಕೆಲಸಕ್ಕೆ ಬರುವುದು ನಿಜವಾದ ಜೂಮ್, ಅಂದರೆ ಮಸೂರವೇ ಹಿಂದುಮುಂದು ಸರಿದು ದೂರದ್ದನ್ನು ಹತ್ತಿರ ತರುವ ಆಪ್ಟಿಕಲ್ ಜೂಮ್.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಮೊಬೈಲಿನಂತೆ 28 ಮಿಲಿಮೀಟರಿನ ನೋಟವಿರುವ ಮಸೂರದಲ್ಲಿ ಹದಿನೈದು ಮೀಟರು ದೂರದ ವಸ್ತುವನ್ನು ತೆಗೆದರೆ ಚಿತ್ರದ ಅಗಲದಲ್ಲಿ ಸುಮಾರು ಹತ್ತೊಂಬತ್ತು ಮೀಟರು ಜಾಗ ಹಿಡಿಸುತ್ತದೆ. ಅಡಿಕೆಯ ತಲೆ ಅದರೊಳಗೆ ಒಂದು ಮೂಲೆಯ ಹಸುರು ಚುಕ್ಕಿ. ಎಂಟು ಪಟ್ಟು ಆಪ್ಟಿಕಲ್ ಜೂಮ್ ಮಾಡಿದರೆ ಅದೇ ಅಗಲ ಸುಮಾರು ಎರಡೂವರೆ ಮೀಟರಿಗೆ ಇಳಿಯುತ್ತದೆ. ಕೊನೆಗಳು ಚಿತ್ರದ ತುಂಬ ಬರುತ್ತವೆ, ಕಾಯಿಯ ತೊಟ್ಟಿನ ಬಳಿಯ ಕೊಳೆಯ ಕಲೆಯನ್ನೂ ನೋಡಬಹುದು. ಡಿಜಿಟಲ್ ಜೂಮ್ ಹಾಗಲ್ಲ. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೆ. 20 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವುದು ಐದು, ನಾಲ್ಕು ಪಟ್ಟು ಹಿಗ್ಗಿಸಿದರೆ ಒಂದೂಕಾಲು. ಹದಿನಾರು ಪಟ್ಟು ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಉಳಿದದ್ದೇನೆಂದು ನೀವೇ ಊಹಿಸಿ. ದೂರದ್ದನ್ನು ಹತ್ತಿರ ತರುವ ಮಸೂರ ಮೊಬೈಲುಗಳಲ್ಲೂ ಇಲ್ಲದಿಲ್ಲ, ಆದರೆ ಅದು ಸಿಗುವುದು ಬಹುಮಟ್ಟಿಗೆ ದುಬಾರಿಯವುಗಳಲ್ಲಿ.

ಇದನ್ನು ನಾವು ಮೊದಲು ಕಂಡದ್ದು ಗೋಕಾಕ ಜಲಪಾತದ ಎದುರಿನಲ್ಲಿ. ಘಟಪ್ರಭೆ ಅಲ್ಲಿ 52 ಮೀಟರಿನಷ್ಟು ಬೀಳುತ್ತಾಳೆ. ಆದರೆ ಫೆಬ್ರವರಿಯಲ್ಲಿ ನೀರು ದಾರದ ಎಳೆಯಷ್ಟೇ. ಜಲಪಾತ ನೋಡಲು ಹೋದವರು ಮಳೆಗಾಲದಲ್ಲಿ ಹೋಗಬೇಕಿತ್ತೆಂದು ಪೇಚಾಡಿದರು. ನಮಗೆ ಮಾತ್ರ ಲಾಭವಾಯಿತು. ಈಚೆ ದಡದಿಂದ ಆಚೆಯ ಬಂಡೆಯ ಸಂದಿಯಲ್ಲಿ ಬೆಳೆದಿದ್ದ ಗಿಡವೊಂದನ್ನು ಮೂರೂ ಬಗೆಯಿಂದ ತೆಗೆದು ಹೋಲಿಸಿದೆವು. ಕಪಾಟಿನ ಹಳೆಯ ಕ್ಯಾಮರಾದಲ್ಲಿ ಎಲೆ ಎಲೆಯಾಗಿ ಬಂತು. ಮೊಬೈಲಿನಲ್ಲಿ ಹಸುರು ಮುದ್ದೆಯಾಗಿ ಬಂತು. ಹೊಸದರಲ್ಲಿ ಗಿಡವಿದೆಯೆಂದು ನಾವು ಹೇಳಿದರೆ ಮಾತ್ರ ತಿಳಿಯುವಂತಿತ್ತು.

ಎರಡನೆಯ ಕಾರಣ, ತೀರಾ ಹತ್ತಿರದ ಚಿತ್ರ. ಕಾಫಿ ಕಾಯಿಕೊರಕ ಎರಡು ಮಿಲಿಮೀಟರನ್ನೂ ಮೀರದ ಹುಳು, ಅದರ ತೂತು ಅದಕ್ಕಿಂತ ಸಣ್ಣದು. ಅಗ್ಗದ ಮೊಬೈಲುಗಳಲ್ಲಿ ‘ಮ್ಯಾಕ್ರೋ’ ಎಂದು ಹೆಸರಿಟ್ಟ ಎರಡು ಮೆಗಾಪಿಕ್ಸೆಲ್ಲಿನ ಕಣ್ಣು ಹೆಸರಿಗಷ್ಟೇ ಇರುತ್ತದೆ. ಒಳ್ಳೆಯ ಸಣ್ಣ ಕ್ಯಾಮರಾಗಳಲ್ಲಿ ಹೂವಿನ ಗುರುತಿನ ಗುಂಡಿ ಇರುತ್ತದೆ. ಅದನ್ನು ಒತ್ತಿ, ಜೂಮ್ ಮಾಡದೆ, ಕೆಲವೇ ಸೆಂಟಿಮೀಟರು ಹತ್ತಿರಕ್ಕೆ ಹೋಗಬಹುದು. ಕೆಲವು ಮಾದರಿಗಳಲ್ಲಿ ಒಂದು ಸೆಂಟಿಮೀಟರಿನವರೆಗೂ ಉಂಟು. ಕೊಳ್ಳುವಾಗ ಈ ಅಂಕಿಯನ್ನು ತಪ್ಪದೆ ಕೇಳಿ. ಹತ್ತಿರದ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿಯ ತುಂಡೊಂದನ್ನು ಇಡಿ, ನೋಡುವವರಿಗೆ ಗಾತ್ರ ತಿಳಿಯುತ್ತದೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಕಾಂಡದ ಮೇಲೆ ಏಳುವ ದಿಣ್ಣೆಗಳನ್ನು ಫ್ಲಾಶ್ ಹಾಕಿ ತೆಗೆಯಬಾರದು. ಎದುರು ಬೆಳಕು ಉಬ್ಬುತಗ್ಗನ್ನೆಲ್ಲ ಸಪಾಟು ಮಾಡಿಬಿಡುತ್ತದೆ. ಬೆಳಿಗ್ಗೆ ಅಥವಾ ಸಂಜೆ ಪಕ್ಕದಿಂದ ಬಿಸಿಲು ಬೀಳುವಾಗ ತೆಗೆದರೆ ದಿಣ್ಣೆ ತಾನಾಗಿ ಎದ್ದು ಕಾಣುತ್ತದೆ.

ಆಕಾಶಕ್ಕೆ ಎದುರಾಗಿ ಅಡಿಕೆಯ ತಲೆಯನ್ನು ತೆಗೆದಾಗ ಅದು ಕರ್ರಗೆ ಬರುವುದು ಎಲ್ಲರ ಅನುಭವ. ಕ್ಯಾಮರಾ ಆಕಾಶದ ಬೆಳಕನ್ನು ನೋಡಿ ‘ಬೆಳಕು ಹೆಚ್ಚಾಯಿತು’ ಎಂದು ತಪ್ಪು ತಿಳಿಯುತ್ತದೆ. ಕೂಡಿಸು-ಕಳೆ ಚಿಹ್ನೆಯಿರುವ ಗುಂಡಿಯಲ್ಲಿ ಒಂದು ಅಥವಾ ಒಂದೂವರೆ ಕೂಡಿಸಿದರೆ ಆಕಾಶ ಬೆಳ್ಳಗಾದೀತು, ಕಾಯಿ ಕಾಣುತ್ತದೆ. ನಮಗೆ ಬೇಕಾದದ್ದು ಕಾಯಿಯೇ ಹೊರತು ಆಕಾಶವಲ್ಲ. ಈ ಸೌಲಭ್ಯವಿಲ್ಲದ ಕ್ಯಾಮರಾ ಅಡಿಕೆ ಬೆಳೆಗಾರನಿಗೆ ಬೇಡ.

ಮೊದಲಿನ ಫೋಟೋ

ಮೂಡಲಗಿಯ ಆ ರೈತರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ 2019ರ ಆಗಸ್ಟಿನ ಮಾತು ಬಂತು. ಆ ವರ್ಷ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿದ್ದು ಎಲ್ಲರಿಗೂ ನೆನಪಿರಬೇಕು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗಿನಲ್ಲಿ ಗುಡ್ಡಗಳೇ ಜಾರಿ ಕಾಫಿ ತೋಟಗಳು ಮಣ್ಣಿನಡಿ ಸೇರಿದ್ದವು. ಅವರು ಹೇಳಿದ್ದು ಇಷ್ಟೆ: “ನೀರ ಬಂದ ಮ್ಯಾಲಿನ ಫೋಟೋ ರಗಡ ಅದಾವ್ರಿ. ನೀರ ಬರೂಕಿಂತ ಮೊದಲಿಂದು ಒಂದೂ ಇಲ್ರಿ.” ಹೊಲದಲ್ಲಿ ಏನಿತ್ತು, ದನದ ಕೊಟ್ಟಿಗೆ ಎಷ್ಟು ಅಂಕಣದ್ದು, ಮೋಟರು ಎಲ್ಲಿ ಕೂಡಿಸಿತ್ತು ಎಂದು ಬಂದವರೆಲ್ಲ ಕೇಳಿದರಂತೆ. ಬಾಯಿಮಾತು ಬಿಟ್ಟರೆ ತೋರಿಸಲು ಬೇರೇನೂ ಇರಲಿಲ್ಲ. ಊಟ ಮಾಡುತ್ತಿದ್ದ ನಮ್ಮಲ್ಲಿ ಒಬ್ಬರೂ ತಮ್ಮ ತೋಟದ ‘ಮೊದಲಿನ ಫೋಟೋ’ ತಮ್ಮ ಬಳಿ ಇದೆಯೆಂದು ಹೇಳಲಿಲ್ಲ.

ಆದ್ದರಿಂದ ಕ್ಯಾಮರಾ ಯಾವುದೇ ಇರಲಿ, ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದು ನವೆಂಬರಿನಲ್ಲಿ ಒಮ್ಮೆ, ತೋಟದ ನಾಲ್ಕು ಮೂಲೆಯಿಂದ, ನಿಂತ ಜಾಗದಲ್ಲೇ ನಿಂತು ಫೋಟೋ ತೆಗೆದಿಡುವುದು ಒಳ್ಳೆಯದು. ಮನೆ, ಕಣ, ಪಂಪ್ ಮನೆ, ಕಾಲುಸಂಕ, ಧರೆ ಎಲ್ಲವೂ ಸೇರಲಿ. ಹಳೆಯ ಕ್ಯಾಮರಾಗಳಲ್ಲಿ ದಿನಾಂಕವನ್ನು ನಾವೇ ಹೊಂದಿಸಬೇಕು. ಬ್ಯಾಟರಿ ಪೂರ್ತಿ ಇಳಿದು ಬಹಳ ದಿನ ಬಿದ್ದಿದ್ದರೆ ಗಡಿಯಾರ ಹಿಂದಿನ ಯಾವುದೋ ವರ್ಷದ ಜನವರಿ 1ಕ್ಕೆ ಹೋಗಿ ಕುಳಿತಿರುತ್ತದೆ. ನಮ್ಮ ಪ್ರವಾಸದ ಮೊದಲ ದಿನದ ಫೋಟೋಗಳೆಲ್ಲ ಹೀಗೆ ಹೊಸವರ್ಷದ ಫೋಟೋಗಳಾಗಿವೆ.

ಇಲ್ಲಿ ಒಂದು ಎಚ್ಚರಿಕೆ. ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್ ಮೊದಲಾದವುಗಳಲ್ಲಿ ಹೊಲದಲ್ಲಿ ನಿಂತೇ, ಜಾಗದ ಗುರುತಿನೊಂದಿಗೆ ಮೊಬೈಲಿನಲ್ಲೇ ಫೋಟೋ ತೆಗೆಯಬೇಕು. ಬೇರೆ ಕ್ಯಾಮರಾದ್ದು ಅಲ್ಲಿ ನಡೆಯುವುದಿಲ್ಲ. ಫಸಲ್ ಬಿಮಾ ಯೋಜನೆಯ ಬೆಳೆಗಳಿಗೆ ಆಲಿಕಲ್ಲು, ಭೂಕುಸಿತ, ನೆರೆಯಿಂದ ಆದ ಸ್ಥಳೀಯ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ನಮ್ಮ ಅಡಿಕೆ, ಕಾಳುಮೆಣಸುಗಳ ಹವಾಮಾನ ಆಧಾರಿತ ವಿಮೆಯಲ್ಲಾದರೋ ಪರಿಹಾರ ನಿಂತಿರುವುದು ಮಳೆ ಮತ್ತು ಹವೆಯ ಅಳತೆಯ ಮೇಲೆ, ಫೋಟೋದ ಮೇಲಲ್ಲ. ಫೋಟೋ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಅರಿತಿದ್ದರೆ ವೃಥಾ ಓಡಾಟ ತಪ್ಪುತ್ತದೆ.

ಕೊಳ್ಳುವಾಗ ನೋಡಬೇಕಾದ ಸಂಗತಿಗಳು

ಹೊಸದಾಗಿ ಸಿಗುವ ಅಗ್ಗದ ಮಾದರಿಗಳು ಈಗ ಕೆಲವೇ. ಕೊಡಾಕ್ ಹೆಸರಿನಲ್ಲಿ ಬರುವ ಪಿಕ್ಸ್‌ಪ್ರೊ ಎಫ್‌ಝಡ್ 55 ಅವುಗಳಲ್ಲೊಂದು, 16 ಮೆಗಾಪಿಕ್ಸೆಲ್, 5 ಪಟ್ಟು ಆಪ್ಟಿಕಲ್ ಜೂಮ್. ಎಳೆಯ ತೋಟಕ್ಕೆ ಸಾಕು, ಎತ್ತರದ ಹಳೆಯ ಮರಗಳಿಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಮಳೆಗೂ ನೀರಿಗೂ ಅಂಜದ ಒಲಿಂಪಸ್ ಟಿಜಿ 6 (2019), ಅದರ ನಂತರದ ಟಿಜಿ 7 (2023) ಹತ್ತಿರದ ಚಿತ್ರಕ್ಕೆ ಬಹಳ ಸೊಗಸು. ಆದರೆ ಜೂಮ್ ನಾಲ್ಕೇ ಪಟ್ಟು, ಬೆಲೆಯೂ ಮೇಲೆ. ನಮ್ಮ ಅಭಿಪ್ರಾಯದಲ್ಲಿ ಕೈಗೆಟಕುವ ದಾರಿ ಹಳೆಯದನ್ನು ಕೊಳ್ಳುವುದು. 2014ರಲ್ಲಿ ಬಂದ ಸೋನಿ ಡಬ್ಲ್ಯು 830 (8 ಪಟ್ಟು), 2016ರ ಕೆನಾನ್ ಇಕ್ಸಸ್ 285 (12 ಪಟ್ಟು) ಇಂಥವು ಕೈಬದಲಾಗಿ ಸಿಗುತ್ತವೆ. ಪೇಟೆಯ ಹುಡುಗರಿಗೆ ಈಚೆಗೆ ಹಳೆಯ ಕ್ಯಾಮರಾಗಳ ಹುಚ್ಚು ಹಿಡಿದು ಬೆಲೆ ಏರಿದೆ ಎಂಬುದೂ ನಿಜ. ಎಲ್ಲಕ್ಕಿಂತ ಮೊದಲು ನಿಮ್ಮದೇ ಮನೆಯ, ನೆಂಟರ ಮನೆಯ ಕಪಾಟನ್ನು ಹುಡುಕಿ.

ಹಳೆಯದನ್ನು ಕೈಗೆ ತೆಗೆದುಕೊಂಡಾಗ ಜೂಮನ್ನು ಪೂರ್ತಿ ಹೊರಗೆ, ಪೂರ್ತಿ ಒಳಗೆ ಹತ್ತು ಸಲ ಓಡಿಸಿ. ಗರಗರ ಸದ್ದು ಬಂದರೆ ಒಳಗೆ ಧೂಳು ಸೇರಿದೆಯೆಂದು ತಿಳಿಯಿರಿ. ಮೂಡಲಗಿಯ ಅರಿಸಿನ ಪಾಲಿಶ್ ಮಾಡುವ ಡ್ರಮ್ಮಿನ ಮುಂದೆ ಮಸೂರ ಚಾಚಿಕೊಂಡು ನಿಂತ ನಮ್ಮ ಹಳೆಯ ಕ್ಯಾಮರಾ ಆ ಹಳದಿ ಪುಡಿ ತಿಂದು ಎರಡು ದಿನ ಮುಷ್ಕರ ಹೂಡಿತ್ತು. ಬಿಳಿ ಗೋಡೆಯನ್ನು ಒಮ್ಮೆ ತೆಗೆದು ನೋಡಿ, ಕಲೆಗಳಿದ್ದರೆ ಕಾಣುತ್ತವೆ. ಬ್ಯಾಟರಿ ಉಬ್ಬಿರಬಾರದು, ಅದೇ ಅಳತೆಯ ಬ್ಯಾಟರಿಯೂ ಚಾರ್ಜರೂ ಇಂದಿಗೂ ಪೇಟೆಯಲ್ಲಿ ಸಿಗುವಂತಿರಬೇಕು. ಪೆನ್ ಟಾರ್ಚಿಗೆ ಹಾಕುವ ಎಎ ಸೆಲ್ಲಿನಿಂದ ನಡೆಯುವ ಹಳೆಯ ಕ್ಯಾಮರಾ ದೊರೆತರೆ ಬಿಡಬೇಡಿ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೂ ಅದರ ಕೆಲಸ ನಿಲ್ಲದು. ಮೆಮೊರಿ ಕಾರ್ಡಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ತೀರಾ ಹಳೆಯವು ಎರಡು ಜಿಬಿಯವರೆಗಿನ ಎಸ್‌ಡಿ ಕಾರ್ಡನ್ನು ಮಾತ್ರ ಒಪ್ಪುತ್ತವೆ, ಆಮೇಲಿನವು 32 ಜಿಬಿಯವರೆಗಿನ ಎಸ್‌ಡಿಎಚ್‌ಸಿಯನ್ನು. ಒಲಿಂಪಸ್, ಫ್ಯೂಜಿಯವರ ಕೆಲವು ಹಳೆಯ ಕ್ಯಾಮರಾಗಳ ಎಕ್ಸ್‌ಡಿ ಕಾರ್ಡು ಈಗ ಹುಡುಕಿದರೂ ಸಿಗುವುದು ಕಷ್ಟ, ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ.

ನಮ್ಮ ಮಳೆಗಾಲದಲ್ಲಿ ಕ್ಯಾಮರಾದ ದೊಡ್ಡ ಶತ್ರು ಬೂಷ್ಟು. ಮಸೂರದೊಳಗೆ ಬಲೆಯಂತೆ ಹಬ್ಬಿದರೆ ಮತ್ತೆ ತೆಗೆಯಲಾಗದು. ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ವಾರಕ್ಕೊಮ್ಮೆ ತೆಗೆದು ನಾಲ್ಕು ಫೋಟೋ ಹೊಡೆಯಿರಿ. ಅಡಿಕೆ ಅಟ್ಟದ ಬೆಚ್ಚಗಿನ ಜಾಗದಲ್ಲಿಡುತ್ತೇವೆಂದು ಒಬ್ಬರು ಹೇಳಿದರು. ಹೊಗೆಯ ಮಸಿಯನ್ನು ಅವರು ಮರೆತಿದ್ದಾರೆ.

ರೋಗದ ಫೋಟೋವನ್ನು ವಿಟ್ಲದ ಸಿಪಿಸಿಆರ್‌ಐ ಕೇಂದ್ರಕ್ಕೋ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ ತೋರಿಸಬೇಕಾದಾಗ ಮೂರು ಚಿತ್ರಗಳಿರಲಿ: ಇಡೀ ಗಿಡ, ರೋಗ ತಗುಲಿದ ಭಾಗ, ಹತ್ತಿರದ ನೋಟ. ವಾಟ್ಸ್ಆ್ಯಪಿನಲ್ಲಿ ಫೋಟೋವಾಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ‘ಡಾಕ್ಯುಮೆಂಟ್’ ಎಂಬಲ್ಲಿ ಹೋಗಿ ಕಳಿಸಿದರೆ ಇದ್ದಂತೆಯೇ ತಲುಪುತ್ತದೆ.

ಪ್ರವಾಸದ ನಂತರ ಸಂಘದ ವತಿಯಿಂದ 12 ಪಟ್ಟು ಆಪ್ಟಿಕಲ್ ಜೂಮಿನ ಹಳೆಯ ಕ್ಯಾಮರಾ ಒಂದನ್ನು ಕೊಂಡಿದ್ದೇವೆ. ಸದಸ್ಯರು ಕಚೇರಿಯ ಪುಸ್ತಕದಲ್ಲಿ ಸಹಿ ಹಾಕಿ ಎರಡು ದಿನಗಳ ಮಟ್ಟಿಗೆ ಒಯ್ಯಬಹುದು. ಕಾರ್ಡನ್ನು ತಮ್ಮದೇ ತರಬೇಕು, ಬ್ಯಾಟರಿ ತುಂಬಿಸಿ ಹಿಂದಿರುಗಿಸಬೇಕು. ಮೇ ತಿಂಗಳಿಗೆ ಈಗಾಗಲೇ ಒಂಬತ್ತು ಮಂದಿ ಹೆಸರು ಬರೆಸಿದ್ದಾರೆ. ಪಟ್ಟಿಯಲ್ಲಿ ಮೊದಲನೆಯ ಹೆಸರು 48 ಮೆಗಾಪಿಕ್ಸೆಲ್ಲಿನ ಯಜಮಾನರದ್ದು.